ಹೆದರಬೇಕಾದದ್ದು ಖಾಲಿ ಸೀಟಿಗಲ್ಲ

ಚಾಲಕನಿಲ್ಲದ ಕಾರಿನ ಬಗ್ಗೆ ಒಂದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ಇವತ್ತು ಅದನ್ನು ಮುಗಿಸಿಬಿಡುತ್ತೇನೆ.

ಪ್ರಶ್ನೆ: ಮಗಳ ಮನೆಗೆಂದು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಿದ್ದೇವೆ. ಎಲ್ಲಿಗೆ ಹೋಗಬೇಕಾದರೂ ಅವಳು ವೇಮೊ ಟ್ಯಾಕ್ಸಿ ಕರೆಸುತ್ತಾಳೆ. ಚಾಲಕನ ಸೀಟು ಖಾಲಿ, ಸ್ಟೀರಿಂಗ್ ತಾನೇ ತಿರುಗುತ್ತದೆ. ನನ್ನ ಹೆಂಡತಿ ಹತ್ತಲು ಒಪ್ಪುತ್ತಿಲ್ಲ. ದಯವಿಟ್ಟು ಧೈರ್ಯ ಹೇಳಿ, ಸರ್.
– ನಿವೃತ್ತ ಅಧ್ಯಾಪಕರು, ಮೈಸೂರು

ಹೇಳುವುದಿಲ್ಲ. ಅಮೆರಿಕದ ವಾಹನ ಚಾಲಕರ ಸಂಸ್ಥೆ ಎಎಎ 2025ರಲ್ಲಿ ಸಮೀಕ್ಷೆ ಮಾಡಿದಾಗ ಶೇ 61ರಷ್ಟು ಚಾಲಕರು ಇಂಥ ಕಾರಿನಲ್ಲಿ ಕೂರಲು ಭಯ ಎಂದರು. ನಂಬುತ್ತೇವೆ ಎಂದವರು ಶೇ 13 ಮಾತ್ರ. ನಿಮ್ಮ ಮನೆಯವರದು ಬಹುಮತದ ಪಕ್ಷ.

ಆದರೆ ಭಯ ಸರಿಯಾದ ಕಡೆ ಇರಬೇಕು. 2018ರ ಮಾರ್ಚ್‌ನಲ್ಲಿ ಅರಿಜೋನಾದ ಟೆಂಪಿಯಲ್ಲಿ ಊಬರ್‌ನ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯನ್ನು ಕೊಂದಿತು. ಆ ಸೀಟು ಖಾಲಿ ಇರಲಿಲ್ಲ. ಕೂತಿದ್ದವರ ಕಣ್ಣು ಮೊಬೈಲ್ ಮೇಲಿತ್ತು. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಯಂತ್ರ ಆಕೆಯನ್ನು ಕಂಡಿತ್ತು. ವಾಹನ, ಸೈಕಲ್, ಇನ್ನೇನೋ ಎಂದು ಎಣಿಕೆ ಬದಲಿಸುತ್ತಲೇ ಹೋಯಿತು. ಜೀಬ್ರಾ ಪಟ್ಟಿ ಇಲ್ಲದ ಕಡೆಯೂ ಮನುಷ್ಯರು ದಾಟುತ್ತಾರೆ ಎಂಬ ಲೆಕ್ಕವೇ ಅದರೊಳಗೆ ಇರಲಿಲ್ಲ. ಕೆ.ಆರ್. ಮಾರುಕಟ್ಟೆಯ ಮುಂದೆ ಹತ್ತು ನಿಮಿಷ ನಿಂತವರು ಯಾರೂ ಅಂಥ ತಂತ್ರಾಂಶ ಬರೆಯುತ್ತಿರಲಿಲ್ಲ!

ನೀವಿರುವ ಊರಿನಲ್ಲೇ 2023ರ ಅಕ್ಟೋಬರ್‌ನಲ್ಲಿ, ಮನುಷ್ಯರು ಓಡಿಸುತ್ತಿದ್ದ ಕಾರೊಂದು ಹೊಡೆದು ಮಹಿಳೆಯೊಬ್ಬರು ಕ್ರೂಸ್ ಕಂಪನಿಯ ಚಾಲಕನಿಲ್ಲದ ಟ್ಯಾಕ್ಸಿಯ ಮುಂದೆ ಬಿದ್ದರು. ಟ್ಯಾಕ್ಸಿ ಅವರ ಮೇಲೆ ಹಾದು ನಿಂತಿತು. ಆಮೇಲೆ ರಸ್ತೆಯ ಬದಿಗೆ ಸರಿಯಲು ಹೋಗಿ ಅವರನ್ನು ಸುಮಾರು 20 ಅಡಿ ಎಳೆದೊಯ್ದಿತು. ಮೇಲೆ ಹಾದದ್ದನ್ನು ಜನ ಕ್ಷಮಿಸುತ್ತಿದ್ದರೇನೋ. ಎಳೆದ ಸಂಗತಿಯನ್ನು ಕಂಪನಿ ವರದಿಯಲ್ಲಿ ಹೇಳದೆ ಬಿಟ್ಟಿತು. ಅದೇ ತಿಂಗಳು ಪರವಾನಗಿ ಅಮಾನತಾಯಿತು, 2024ರ ಡಿಸೆಂಬರ್‌ನಲ್ಲಿ ಮಾಲೀಕ ಕಂಪನಿ ಜನರಲ್ ಮೋಟರ್ಸ್ ಈ ಟ್ಯಾಕ್ಸಿ ಯೋಜನೆಗೆ ಹಣ ನಿಲ್ಲಿಸಿತು. ಅಪಘಾತವನ್ನು ಮುಚ್ಚಿಡುವ ಕಂಪನಿಯ ಕಾರನ್ನು ನಾನು ಹತ್ತುವುದಿಲ್ಲ, ಅದರ ಯಂತ್ರ ಎಷ್ಟೇ ಜಾಣವಾಗಿರಲಿ.

ವೇಮೊ ಇವುಗಳಿಗಿಂತ ಎಚ್ಚರದ್ದು. ಆದರೂ 2025ರ ಅಕ್ಟೋಬರ್‌ನಲ್ಲಿ ಅದರ ಕಾರಿಗೆ ಸಿಕ್ಕಿ ಮಿಷನ್ ಬಡಾವಣೆಯ ಅಂಗಡಿ ಬೆಕ್ಕೊಂದು ಸತ್ತಾಗ ಊರೇ ಸಿಟ್ಟಿಗೆದ್ದಿತು. ನಾವು ಓಡಿಸುವ ಕಾರುಗಳ ಅಡಿಗೆ ಬೆಕ್ಕುಗಳು ದಿನವೂ ಬೀಳುತ್ತವೆ. ಆದರೆ ಅಲ್ಲಿ ಬೈಯಲು ಒಬ್ಬ ಮನುಷ್ಯನಾದರೂ ಸಿಗುತ್ತಾನೆ.

ಹಗಲಲ್ಲಿ, ಹತ್ತಿರದ ಜಾಗಕ್ಕೆ ಒಮ್ಮೆ ಹೋಗಿಬನ್ನಿ. ಇಳಿಯುವಾಗ ಹಿಂದಿನಿಂದ ಸೈಕಲ್ ಬರುತ್ತಿದೆಯೇ ನೋಡಿ ಬಾಗಿಲು ತೆರೆಯಿರಿ. ಕರೆಂಟು ಹೋಗಿ ಸಿಗ್ನಲ್‌ಗಳು ಆರಿದ ದಿನ ಮಾತ್ರ ಬೇಡ. 2025ರ ಡಿಸೆಂಬರ್‌ನಲ್ಲಿ ಹಾಗಾದಾಗ ಈ ಕಾರುಗಳು ಕೂಡು ರಸ್ತೆಗಳಲ್ಲೇ ನಿಂತುಬಿಟ್ಟಿದ್ದವು. ಮನೆಯವರಿಗೆ ಬಲವಂತ ಮಾಡಬೇಡಿ. ನಾನು ಮೊದಲ ಸಲ ಇಂಥ ಕಾರಿನಲ್ಲಿ ಕೂತಾಗ ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಒತ್ತುತ್ತಿದ್ದೆ.

ಪ್ರಶ್ನೆ: ನನ್ನ ಹೊಸ ಕಾರಿನಲ್ಲಿ ಅಡಾಸ್ (ಚಾಲಕರಿಗೆ ನೆರವಾಗುವ ವ್ಯವಸ್ಥೆ) ಇದೆ. ತುಮಕೂರು ಹೆದ್ದಾರಿಯಲ್ಲಿ ಸ್ಟೀರಿಂಗ್ ಬಿಡಬಹುದೇ?

ಬಿಡಬಾರದು. ಅದು ಎರಡನೇ ಹಂತದ ನೆರವು, ಅಂದರೆ ಸ್ಟೀರಿಂಗ್‌ಗೂ ವೇಗಕ್ಕೂ ಕೈಜೋಡಿಸುತ್ತದೆ ಅಷ್ಟೆ, ಚಾಲಕರು ನೀವೇ. ಕೈಬಿಟ್ಟು ರೀಲ್ಸ್ ಮಾಡುವವರೂ, ಸ್ಟೀರಿಂಗ್‌ಗೆ ಭಾರ ಸಿಕ್ಕಿಸಿ ಎಚ್ಚರಿಕೆಯ ಸದ್ದು ಅಡಗಿಸುವ ಉಪಾಯ ಕಲಿಸುವವರೂ ಹಿಂದೆ ಸೀಟ್ ಬೆಲ್ಟ್‌ನ ಸದ್ದು ನಿಲ್ಲಿಸುವ ಕ್ಲಿಪ್ ಮಾರುತ್ತಿದ್ದವರ ಗರಡಿಯವರೇ.

ಪ್ರಶ್ನೆ: ಮಗುವೂ ಮುದುಕರೂ ಒಟ್ಟಿಗೆ ಅಡ್ಡ ಬಂದರೆ ಕಾರು ಯಾರನ್ನು ಉಳಿಸುತ್ತದೆ?

ಬ್ರೇಕ್ ಹಾಕುತ್ತದೆ.

ಪ್ರಶ್ನೆ: ಬೆಂಗಳೂರಿಗೆ ಯಾವಾಗ?

ಚಾಲಕರ ಕೆಲಸ ಹೋಗುತ್ತದೆ, ಬಿಡುವುದಿಲ್ಲ ಎಂದು ಸಚಿವ ನಿತಿನ್ ಗಡ್ಕರಿ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದಾರೆ. 2025ರಲ್ಲಿ ಆರ್.ವಿ. ಕಾಲೇಜಿನ ಆವರಣದಲ್ಲಿ ಸ್ವಾಮೀಜಿಯೊಬ್ಬರನ್ನು ಕೂರಿಸಿಕೊಂಡು ಓಡಿದ್ದು ಪ್ರಯೋಗದ ಕಾರು. ಆ ವಿಡಿಯೊ ನನ್ನ ಬಳಿ ಇದೆ. ಇನ್ನು ಯಾರೂ ಕಳಿಸಬೇಡಿ.