ಮೇಷ್ಟ್ರೇ, ಆ ಹತ್ತು ನಿಮಿಷ ಎಲ್ಲಿ ಹೋಯಿತು?

(ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಕಾದಂಬರಿಯನ್ನು ಇನ್ನೂ ಓದದವರು ದಯವಿಟ್ಟು ಈ ಪುಟವನ್ನು ದಾಟಿ ಮುಂದೆ ಹೋಗಿ. ಕಳೆದ ಸಂಚಿಕೆಯಲ್ಲಿ ಈ ಕಾದಂಬರಿಯ ಬಗ್ಗೆ ಓದುಗರ ಅಭಿಪ್ರಾಯಗಳನ್ನು ಪ್ರಕಟಿಸಿದ್ದೆವು. ಅದನ್ನು ಓದಿ ನಿವೃತ್ತ ಗಣಿತದ ಮೇಷ್ಟರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅಷ್ಟೂ ಅಭಿಪ್ರಾಯಗಳು ಬರೀ ಹೊಗಳಿಕೆಯಾಗಿದ್ದವು ಎಂಬುದು ಅವರ ಒಂದು ದೂರು. ಕಥೆ ಹೇಳುವ ಡಾಕ್ಟರನೇ ಕೊಲೆಗಾರ ಎಂದು ಕೊನೆಗೆ ತಿಳಿಸುವುದು ‘ಲೆಕ್ಕದ ಅರ್ಧ ಮುಚ್ಚಿಟ್ಟು ಉತ್ತರ ಕೇಳಿದ ಹಾಗೆ’ ಎಂಬುದು ಇನ್ನೊಂದು. ಕ್ರಿಸ್ಟಿಯ ಬೇರೆ ಯಾವ ಪುಸ್ತಕವನ್ನೂ ತಾವು ಓದಿಲ್ಲ, ಇನ್ನು ಓದುವುದೂ ಇಲ್ಲ ಎಂದು ಪತ್ರ ಮುಗಿಸಿದ್ದಾರೆ.)

ಮಾನ್ಯ ಮೇಷ್ಟ್ರೇ,

ಮೊದಲ ದೂರನ್ನು ತಕರಾರಿಲ್ಲದೆ ಒಪ್ಪುತ್ತೇನೆ. ಬೈದು ಬರೆದ ಪತ್ರ ನಮಗೆ ಬಂದೇ ಇರಲಿಲ್ಲ. ಮೆಚ್ಚಿದವರು ಕೂಡಲೇ ಬರೆಯುತ್ತಾರೆ, ಮೆಚ್ಚದವರು ಪುಸ್ತಕವನ್ನು ಯಾರಿಗೋ ದಾಟಿಸಿ ಸುಮ್ಮನಾಗುತ್ತಾರೆ. ನೀವು ಸುಮ್ಮನಾಗಲಿಲ್ಲವಲ್ಲ, ಅದು ನಮ್ಮ ಭಾಗ್ಯ.

ಇನ್ನು ಲೆಕ್ಕಕ್ಕೆ ಬರೋಣ. ನಾಲ್ಕನೆಯ ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಮತ್ತೊಮ್ಮೆ ಓದಿ. ಕೊಲೆಯಾಗುವ ಆಕ್ರಾಯ್ಡನ ಕೋಣೆಗೆ ಸಂಜೆಯ ಅಂಚೆ ಬಂದದ್ದು ಎಂಟು ನಲವತ್ತಕ್ಕೆ. ಕಥೆ ಹೇಳುವ ಡಾ. ಶೆಪರ್ಡ್ ಆ ಕೋಣೆಯಿಂದ ಹೊರಟದ್ದು ಎಂಟು ಐವತ್ತಕ್ಕೆ. ನಡುವಿನ ಹತ್ತು ನಿಮಿಷದಲ್ಲಿ ಏನಾಯಿತು ಎಂದು ಅವನು ಹೇಳುವುದಿಲ್ಲ, ಆದರೆ ಹತ್ತು ನಿಮಿಷ ಕಳೆಯಿತು ಎಂಬುದನ್ನು ಮುಚ್ಚಿಡುವುದೂ ಇಲ್ಲ. ಗೇಟು ದಾಟುವಾಗ ಚರ್ಚಿನ ಗಡಿಯಾರ ಒಂಬತ್ತು ಹೊಡೆಯಿತು ಎಂದೂ ಅವನೇ ಬರೆಯುತ್ತಾನೆ. ಮನೆಯಿಂದ ಗೇಟಿಗೆ ಐದೇ ನಿಮಿಷದ ದಾರಿ. ಉಳಿದ ಐದು ನಿಮಿಷ ಎಲ್ಲಿ? ಪತ್ತೇದಾರ ಪ್ವಾರೋ ಕೊನೆಗೆ ಮಾಡುವುದು ಇಷ್ಟೇ ವ್ಯವಕಲನ. ಕುರ್ಚಿಯೊಂದು ಜಾಗ ಬದಲಿಸಿದ್ದನ್ನು ಬಟ್ಲರ್ ಗಮನಿಸುತ್ತಾನೆ. ಡಾಕ್ಟರನಿಗೆ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಹುಚ್ಚಿದೆ ಎಂಬುದೂ ನಮ್ಮ ಕಣ್ಣೆದುರೇ ಇರುತ್ತದೆ. ದತ್ತವೆಲ್ಲ ಹಲಗೆಯ ಮೇಲೆಯೇ ಇತ್ತು ಮೇಷ್ಟ್ರೇ. ನಾವು ಮಾತ್ರ ಹಲಗೆ ಬಿಟ್ಟು ಪಾಠ ಹೇಳುವವನ ಮುಖ ನೋಡುತ್ತ ಕುಳಿತಿದ್ದೆವು.

ಹಾಗೆ ಕುಳಿತದ್ದೇಕೆ? ನಿಮ್ಮ ಪತ್ರದ ಕೊನೆಯ ಸಾಲು ನನಗೆ ಮುಖ್ಯವಾಗಿ ಕಂಡದ್ದು ಇಲ್ಲಿ. 1926ರಲ್ಲಿ ಈ ಪುಸ್ತಕ ಕೈಗೆತ್ತಿಕೊಂಡ ಓದುಗನಿಗೆ ಪ್ವಾರೋ ಹಳೆಯ ಪರಿಚಯ. 1920 ಮತ್ತು 1923ರ ಎರಡು ಕಾದಂಬರಿಗಳಲ್ಲಿ ಅವನ ಗೆಳೆಯ ಕ್ಯಾಪ್ಟನ್ ಹೇಸ್ಟಿಂಗ್ಸ್ ಕಥೆ ಹೇಳಿದ್ದ. ಪಾಪ, ಸಜ್ಜನ, ಸ್ವಲ್ಪ ಮಂಕು. ಅದಕ್ಕೂ ಮೊದಲು ಷರ್ಲಾಕ್ ಹೋಮ್ಸನ ಕಥೆಗಳನ್ನು ಒಬ್ಬ ಡಾಕ್ಟರ್ ನಾಲ್ಕು ದಶಕಗಳಿಂದ ನಂಬಿಕೆಯಿಂದ ಹೇಳಿಕೊಂಡು ಬಂದಿದ್ದ. ಕ್ರಿಸ್ಟಿ ಹೇಸ್ಟಿಂಗ್ಸನನ್ನು ಅರ್ಜೆಂಟೀನಾಕ್ಕೆ ಸಾಗಹಾಕಿ, ಅವನ ಖಾಲಿ ಕುರ್ಚಿಯಲ್ಲಿ ಇನ್ನೊಬ್ಬ ಡಾಕ್ಟರನನ್ನು ತಂದು ಕೂರಿಸಿದರು. ಓದುಗ ಮನುಷ್ಯನನ್ನು ನೋಡಲಿಲ್ಲ, ಕುರ್ಚಿಯನ್ನು ನಂಬಿದ. ಸರಣಿ ಓದುವವನಿಗೆ ಅಭ್ಯಾಸವಾಗಿಬಿಟ್ಟ ನಂಬಿಕೆಯೇ ಇಲ್ಲಿ ಬಲೆ. ನೀವು ಸರಣಿಯ ಈ ಒಂದೇ ಪುಸ್ತಕವನ್ನು ಓದಿದ್ದೀರಿ, ಆ ಅಭ್ಯಾಸ ನಿಮಗಿರಲಿಲ್ಲ. ಹಾಗಾಗಿ ಬಲೆಯ ಸೊಗಸು ಕಾಣದೆ ಸಿಕ್ಕಿಬಿದ್ದ ನೋವಷ್ಟೇ ಉಳಿಯಿತು. ಇದು ನಿಮ್ಮ ತಪ್ಪಲ್ಲ. ಈ ಕಾದಂಬರಿಯನ್ನು ಮೊದಲು ಓದಿ ಎಂದು ಎಲ್ಲರಿಗೂ ಹೇಳುವ ನಮ್ಮಂಥವರ ತಪ್ಪು.

ನಿಮ್ಮ ಪಕ್ಷದಲ್ಲಿ ದೊಡ್ಡವರೂ ಇದ್ದಾರೆ. ಪಾದ್ರಿಯೂ ಪತ್ತೇದಾರಿ ಕಾದಂಬರಿಕಾರರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ಕಟ್ಟಳೆಗಳನ್ನು ಬರೆದರು. ಪತ್ತೇದಾರನ ಸಂಗಾತಿ ತನ್ನ ಮನಸ್ಸಿನಲ್ಲಿ ಹೊಳೆದದ್ದನ್ನು ಓದುಗನಿಂದ ಬಚ್ಚಿಡಬಾರದು ಎಂಬುದು ಅವುಗಳಲ್ಲೊಂದು. ಇನ್ನೊಬ್ಬ ಪತ್ತೇದಾರಿ ಕಾದಂಬರಿಗಾರ್ತಿ ಡೊರೊತಿ ಸೇಯರ್ಸ್ ಮಾತ್ರ ಕ್ರಿಸ್ಟಿಯ ಪರ ನಿಂತರು. ಎಲ್ಲರನ್ನೂ ಅನುಮಾನಿಸುವುದು ಓದುಗನದೇ ಕೆಲಸ ಎಂಬುದು ಅವರ ವಾದ. 2013ರಲ್ಲಿ ಬ್ರಿಟನ್ನಿನ ಅಪರಾಧ ಕಥೆಗಾರರ ಸಂಘದವರು ಮತ ಹಾಕಿ ಈ ಪುಸ್ತಕವನ್ನೇ ಅತ್ಯುತ್ತಮ ಅಪರಾಧ ಕಾದಂಬರಿ ಎಂದು ಆರಿಸಿದರು. ಮತದಾನದಿಂದ ಪ್ರಮೇಯ ಸಿದ್ಧವಾಗುವುದಿಲ್ಲ ಎಂದು ನೀವು ಹೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ.

ನನಗೂ ಒಂದು ತಕರಾರಿದೆ, ಅದು ಬೇರೆ ಕಡೆಯದು. ಡಾಕ್ಟರನ ಅಕ್ಕ ಕ್ಯಾರೊಲಿನ್ ನೆನಪಿದ್ದಾಳಲ್ಲ? ಹೊಸಿಲು ದಾಟದೆ ಹಾಲಿನವನಿಂದ, ಕೆಲಸದವಳಿಂದ ಊರಿನ ಸುದ್ದಿಯನ್ನೆಲ್ಲ ಕಲೆಹಾಕುವ ಹೆಂಗಸು. ನಮ್ಮ ಪ್ರತಿ ಓಣಿಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಮುಂದೆ ಬಂದ ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರಿಣಿ ಮಿಸ್ ಮಾರ್ಪಲ್‌ಗೆ ಬೀಜ ಇವಳೇ ಇರಬೇಕು ಎಂದು ಕ್ರಿಸ್ಟಿಯೇ ಹೇಳಿಕೊಂಡಿದ್ದಾರೆ. ಇವಳಿಗೆ ನೋವಾಗದಿರಲಿ ಎಂದು ಪ್ವಾರೋ ಕೊಲೆಗಾರನನ್ನು ಪೊಲೀಸರ ಕೈಗೆ ಕೂಡಲೇ ಒಪ್ಪಿಸದೆ, ನಿದ್ರೆಯ ಔಷಧಿ ಹೆಚ್ಚಾಗಿ ಕುಡಿದು ಸಾಯುವ ದಾರಿಯನ್ನು ತೆರೆದಿಡುತ್ತಾನೆ. ಕರುಣೆ ಎಂದು ಹಲವರು ಬರೆದಿದ್ದರು. ಆ ಡಾಕ್ಟರ್ ವಿಧವೆಯೊಬ್ಬಳನ್ನು ಬೆದರಿಸಿ ಹಣ ಹಿಂಡಿ ಸಾವಿಗೆ ನೂಕಿದವನು. ಅವಳ ಗುಟ್ಟನ್ನು ಊರೆಲ್ಲ ಆಡಿಕೊಂಡಿತು, ಅವನ ಗುಟ್ಟು ಮಾತ್ರ ಮರ್ಯಾದೆಯಿಂದ ಮುಚ್ಚಿಹೋಗಬೇಕೇ? ಮೋಸ ಎಂಬ ಮಾತನ್ನು ನಾನು ಬಳಸುವುದಾದರೆ ಈ ಅಧ್ಯಾಯಕ್ಕೆ ಬಳಸುತ್ತೇನೆ.

ನಮ್ಮ ಪುಟದಲ್ಲಿ ಕೊಲೆಗಾರನ ಗುಟ್ಟು ಬಿಟ್ಟುಕೊಟ್ಟಿದ್ದಕ್ಕೂ ನೀವು ಗದರಿಸಿದ್ದೀರಿ. ತಪ್ಪಾಗಿದೆ. ಅದು ಎಷ್ಟು ದೊಡ್ಡ ತಪ್ಪು ಎಂದು ನನಗೆ ಗೊತ್ತು. ಹುಡುಗನಾಗಿದ್ದಾಗ ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದ ಪತ್ತೇದಾರಿ ಕಾದಂಬರಿಯೊಂದರ ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮ ‘ಕೊಂದವನು ಡ್ರೈವರ್’ ಎಂದು ಗೀಚಿದ್ದ. ಇಡೀ ರಾತ್ರಿ ಡ್ರೈವರನ ಮೇಲೆ ಕಣ್ಣಿಟ್ಟು ಓದಿದೆ. ಕೊಂದವನು ಡ್ರೈವರ್ ಆಗಿರಲಿಲ್ಲ. ಇಂದಿಗೂ ಆ ಕಾದಂಬರಿಯ ಹೆಸರು ನೆನಪಿಲ್ಲ, ಗೀಚಿದವನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿರುತ್ತೇನೆ.

ಕೊನೆಯದಾಗಿ, ಪತ್ತೇದಾರನ ಹೆಸರನ್ನು ‘ಪೊಯ್ರೊಟ್’ ಎಂದು ಬರೆದರೆ ತಪ್ಪೇ ಎಂದು ಕೇಳಿದ್ದೀರಿ. ನಾವು ‘ಪ್ವಾರೋ’ ಎಂದು ಅಚ್ಚು ಹಾಕುತ್ತೇವೆ. ಆದರೆ ಇದೇ ಕಾದಂಬರಿಯಲ್ಲಿ ಪಕ್ಕದ ಮನೆಯ ಡಾ. ಶೆಪರ್ಡ್ ಅವನನ್ನು ಮೊದಮೊದಲು ‘ಪೊರೊಟ್’ ಎಂದೇ ಕರೆಯುತ್ತಾನೆ, ನಿವೃತ್ತ ಕ್ಷೌರಿಕನೆಂದೂ ತೀರ್ಮಾನಿಸಿಬಿಡುತ್ತಾನೆ. ಆದ್ದರಿಂದ ನಿಮ್ಮ ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ‘ಪೊಯ್ರೊಟ್’ ಸಮೇತ, ಒಂದಕ್ಷರವನ್ನೂ ತಿದ್ದದೆ ಪ್ರಕಟಿಸುತ್ತೇವೆ.

– ಸಂಪಾದಕ