ನಿವೃತ್ತಿಯ ಗಂಟು ಎಷ್ಟು ವರ್ಷ ಬಾಳುತ್ತದೆ?

ಪ್ರಶ್ನೆ: ಕಾರ್ಖಾನೆ ಕೆಲಸದಿಂದ 60ಕ್ಕೆ ನಿವೃತ್ತನಾದೆ. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ 32 ಲಕ್ಷ ಬಂದಿದೆ. ಇಪಿಎಸ್ ಪಿಂಚಣಿ ತಿಂಗಳಿಗೆ 3,800. ಸ್ವಂತ ಮನೆ ಇದೆ. ನನಗೂ ಹೆಂಡತಿಗೂ ಸೇರಿ ತಿಂಗಳಿಗೆ 26,000 ಖರ್ಚು. ಅವಳಿಗೆ 55. ಮಗ ಸೈಟು ಕೊಳ್ಳಲು 10 ಲಕ್ಷ ಕೇಳುತ್ತಿದ್ದಾನೆ. ಅದನ್ನು ಕೊಟ್ಟು ಉಳಿದದ್ದನ್ನು ಅಂಚೆ ಕಚೇರಿಯಲ್ಲಿಟ್ಟರೆ ಜೀವನಕ್ಕೆ ಸಾಕಲ್ಲವೇ?
— ಓದುಗರು, ಮೇಟಗಳ್ಳಿ, ಮೈಸೂರು

ಉತ್ತರ: ಸಾಲುವುದಿಲ್ಲ. ಬೆಲೆಗಳು ವರ್ಷಕ್ಕೆ 6 ಪರ್ಸೆಂಟ್ ಏರುತ್ತವೆ, ನಿಮ್ಮ ಒಟ್ಟು ಹಣಕ್ಕೆ ಸರಾಸರಿ 7.8 ಪರ್ಸೆಂಟ್ ಬಡ್ಡಿ ಬರುತ್ತದೆ ಎಂದಿಟ್ಟುಕೊಳ್ಳಿ. ಇಂದಿನ 26,000ದ ಬದುಕಿಗೆ ಐದು ವರ್ಷದ ನಂತರ 34,800 ಬೇಕು, ಹತ್ತು ವರ್ಷದ ನಂತರ 46,500. ಇಪಿಎಸ್ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ, ಅದು 3,800ರಲ್ಲೇ ನಿಂತಿರುತ್ತದೆ. ಈ ಲೆಕ್ಕದಲ್ಲಿ 32 ಲಕ್ಷವೂ ನಿಮ್ಮಲ್ಲೇ ಉಳಿದರೆ ಗಂಟು 12 ವರ್ಷ ಬರುತ್ತದೆ. ಮಗನಿಗೆ 10 ಲಕ್ಷ ಕೊಟ್ಟರೆ ಬರುವುದು ಬರೀ 8 ವರ್ಷ. ಆಗ ನಿಮಗೆ 68, ನಿಮ್ಮ ಮನೆಯವರಿಗೆ 63. ನಮ್ಮ ದೇಶದಲ್ಲಿ 60 ಮುಟ್ಟಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ. ಹೆಂಗಸರು ಅದಕ್ಕಿಂತ ಹೆಚ್ಚು. ನಿಮ್ಮ ನಂತರ ಅವರಿಗೆ ಸಿಗುವ ವಿಧವಾ ಪಿಂಚಣಿ ನಿಮ್ಮದರ ಅರ್ಧ, ಅಂದರೆ 1,900. ಆದ್ದರಿಂದ ಅವರ 80ನೇ ವಯಸ್ಸನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿ.

ಮಗನಿಗೆ ಇಲ್ಲವೆನ್ನುವುದು ಕಷ್ಟ, ನಿಜ. ಆದರೆ ಸೈಟಿಗೆ ಅವರಿಗೆ ಬ್ಯಾಂಕ್ ಸಾಲ ಸಿಗುತ್ತದೆ. ನಿಮ್ಮ ಊಟ, ಮಾತ್ರೆಗೆ 70ನೇ ವಯಸ್ಸಿನಲ್ಲಿ ಯಾವ ಬ್ಯಾಂಕೂ ಸಾಲ ಕೊಡದು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಮಗನಿಗೂ ತೋರಿಸಿ.

ಗಂಟಿನ ಆಯಸ್ಸು ಬೆಳೆಸಲು ಬಡ್ಡಿ ದರ ಹುಡುಕುವುದಕ್ಕಿಂತ ಒಂದು ಸಣ್ಣ ಆದಾಯ ಹುಡುಕುವುದು ಮೇಲು. ಮೇಲಿನ ಕೋಣೆ ಬಾಡಿಗೆಗೆ ಕೊಟ್ಟೋ, ಅರೆಕಾಲಿಕ ಲೆಕ್ಕದ ಕೆಲಸ ಹಿಡಿದೋ ತಿಂಗಳಿಗೆ 8,000 ಬಂದು, ಅದು ಬೆಲೆಯ ಜೊತೆ ಏರುತ್ತಾ ಹೋದರೆ ಅದೇ 32 ಲಕ್ಷ 12ರ ಬದಲು 19 ವರ್ಷ ಬಾಳುತ್ತದೆ.

ಹಣವನ್ನು ನಾನು ಹೀಗೆ ಹಂಚುತ್ತಿದ್ದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 22 ಲಕ್ಷ. ಇದರ ಮಿತಿ 2023ರ ಏಪ್ರಿಲ್‌ನಿಂದ 30 ಲಕ್ಷ, ಆಗ ನಿಗದಿಯಾದ ಬಡ್ಡಿ 8.2. ದರವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತಾರೆ, ಆದರೆ ಖಾತೆ ತೆರೆದ ದಿನದ ದರ ಐದು ವರ್ಷ ನಿಮಗೆ ಸ್ಥಿರ. 8.2ರಲ್ಲಿ 22 ಲಕ್ಷಕ್ಕೆ ಮೂರು ತಿಂಗಳಿಗೆ 45,100, ತಿಂಗಳ ಲೆಕ್ಕದಲ್ಲಿ 15,000 ಬರುತ್ತದೆ. ಪೂರ್ತಿ ಹಣವನ್ನು ಒಂದೇ ಖಾತೆಯಲ್ಲಿ ಇಡಬೇಡಿ. 10, 6, 6 ಎಂದು ಮೂರು ಖಾತೆ ಮಾಡಿ. ಒಂದು ಖಾತೆಯಿಂದ ಬೇಕಾದಷ್ಟೇ ಹಣ ಬಿಡಿಸಲು ಬರುವುದಿಲ್ಲ, ಇಡೀ ಖಾತೆಯನ್ನೇ ಮುಚ್ಚಬೇಕು. ಒಂದು ವರ್ಷದೊಳಗೆ ಮುಚ್ಚಿದರೆ ಕೊಟ್ಟ ಬಡ್ಡಿಯನ್ನೂ ಅಸಲಿನಲ್ಲಿ ಮುರಿದುಕೊಳ್ಳುತ್ತಾರೆ. ಎರಡು ವರ್ಷದೊಳಗಾದರೆ ಅಸಲಿನ ಒಂದೂವರೆ ಪರ್ಸೆಂಟ್, ಆಮೇಲಾದರೆ ಒಂದು ಪರ್ಸೆಂಟ್ ಕಡಿತ. ಮೂರು ಖಾತೆ ಇದ್ದರೆ ತುರ್ತಿಗೆ 6 ಲಕ್ಷದ್ದನ್ನು ಮಾತ್ರ ಮುರಿಯಬಹುದು. ಮನೆಯವರನ್ನು ಜಂಟಿ ಖಾತೆದಾರರನ್ನಾಗಿ ಸೇರಿಸಿ. ಆಗ ನಿಮ್ಮ ನಂತರ, ಯೋಜನೆಯ ಅರ್ಹತೆ ಆ ಹೊತ್ತಿಗೆ ಅವರಿಗಿದ್ದರೆ, ಅವಧಿ ಮುಗಿಯುವವರೆಗೆ ಖಾತೆಯನ್ನು ಮುಂದುವರಿಸಬಹುದು. ಬಡ್ಡಿಯನ್ನು ಉಳಿತಾಯ ಖಾತೆಗೆ ತಾನಾಗಿ ಜಮಾ ಆಗುವಂತೆ ಬರೆದುಕೊಡಿ. ಅಲ್ಲೇ ಬಿಟ್ಟ ಬಡ್ಡಿಗೆ ಮತ್ತೆ ಬಡ್ಡಿ ಹುಟ್ಟುವುದಿಲ್ಲ.

6 ಲಕ್ಷವನ್ನು 1,20,000ದಂತೆ ಐದು ಎಫ್‌ಡಿ ಮಾಡಿ, ಒಂದರಿಂದ ಐದು ವರ್ಷದ ಅವಧಿಗೆ. ವರ್ಷಕ್ಕೊಂದು ಬಿಡುಗಡೆಯಾಗಿ ಬೆಲೆ ಏರಿದ್ದನ್ನು ತುಂಬಿಸುತ್ತದೆ. ಉಳಿದ 4 ಲಕ್ಷ ಆಸ್ಪತ್ರೆಗೆಂದು ಬೇಗ ಕೈಗೆ ಸಿಗುವ ಕಡೆ ಇರಲಿ. ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿಯ ಆಸೆಗೆ ಪತ್ತಿನ ಸಹಕಾರ ಸಂಘಗಳಲ್ಲಿ ಇಡಲೇಬೇಡಿ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಂಘದ ಠೇವಣಿಗೆ ಅದು ಇಲ್ಲ.

ಜೀವನಪೂರ್ತಿ ಪಿಂಚಣಿ ಕೊಡುವ ಆನ್ಯುಟಿ ಮಾರಲು ಏಜೆಂಟರು ಬರುತ್ತಾರೆ. ಆಯಸ್ಸು ಎಷ್ಟೆಂದು ಗೊತ್ತಿಲ್ಲದವರಿಗೆ ಆನ್ಯುಟಿ ಲಾಭದಾಯಕ ಎಂದು ಅರ್ಥಶಾಸ್ತ್ರಜ್ಞ ಮೆನಾಹೆಮ್ ಯಾರಿ 1965ರಲ್ಲೇ ತೋರಿಸಿದ್ದರು. ಆ ವಾದದಲ್ಲಿ ಹುರುಳಿದೆ. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆನ್ಯುಟಿಯ ಮೊತ್ತ ಬೆಲೆಯ ಜೊತೆ ಏರುವುದಿಲ್ಲ. ಕೊಳ್ಳುವ ವಯಸ್ಸು ಹೆಚ್ಚಿದಷ್ಟೂ ದರ ಹೆಚ್ಚು ಸಿಗುವುದರಿಂದ 70ರ ಹತ್ತಿರ, ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ನಡೆಯುವಂಥದ್ದನ್ನು ವಿಚಾರಿಸಿ. ಈಗ ಬೇಡ.

ಪ್ರಶ್ನೆ: ಅಮ್ಮನಿಗೆ 71. ಆರು ವರ್ಷದಿಂದ 5 ಲಕ್ಷದ ಆರೋಗ್ಯ ವಿಮೆ ಕಟ್ಟುತ್ತಿದ್ದೇವೆ. ಪ್ರೀಮಿಯಂ ಏರುತ್ತಲೇ ಇದೆ. ನಿಲ್ಲಿಸಿ ಆ ಹಣವನ್ನು ಬ್ಯಾಂಕಿಗೆ ಹಾಕೋಣವೇ?
— ಓದುಗರು, ಸುಭಾಷ್ ನಗರ, ಮಂಡ್ಯ

ಉತ್ತರ: ನಿಲ್ಲಿಸಬೇಡಿ. ಸತತ 60 ತಿಂಗಳು ಕಟ್ಟಿದ ಪಾಲಿಸಿಯಲ್ಲಿ, ಹಳೆಯ ಕಾಯಿಲೆ ಮುಚ್ಚಿಟ್ಟಿರಿ ಎಂದು ಕಂಪನಿ ಕ್ಲೇಮು ತಳ್ಳಿಹಾಕುವಂತಿಲ್ಲ; ವಂಚನೆ ಸಾಬೀತಾದರೆ ಮಾತ್ರ ಬೇರೆ ಮಾತು. ಆ ರಕ್ಷಣೆ ಅಮ್ಮನಿಗೆ ಈಗಾಗಲೇ ಬಂದಿದೆ. ಬಿಟ್ಟು ಮತ್ತೆ ಹೊಸದಾಗಿ ಕೊಂಡರೆ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ 10 ಪರ್ಸೆಂಟ್‌ಗಿಂತ ಹೆಚ್ಚು ಏರಿಸುವ ಮೊದಲು ಕಂಪನಿ ವಿಮಾ ನಿಯಂತ್ರಣ ಪ್ರಾಧಿಕಾರದ ಜೊತೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ 18 ಪರ್ಸೆಂಟ್ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ. ನವೀಕರಣದ ರಸೀದಿಯಲ್ಲಿ ಈ ಎರಡನ್ನೂ ನೋಡಿ. ಕಂಪನಿ ಬದಲಿಸಲೇಬೇಕೆಂದರೆ ಪೋರ್ಟ್ ಮಾಡಿಸಿ (ಇರುವ ಪಾಲಿಸಿಯನ್ನೇ ಹೊಸ ಕಂಪನಿಗೆ ವರ್ಗಾಯಿಸುವುದು), ನವೀಕರಣಕ್ಕೆ 45 ದಿನ ಮುಂಚೆಯೇ ಅರ್ಜಿ ಹಾಕಿ. ಹಳೆಯ ಪಾಲಿಸಿ ನಿಲ್ಲಿಸುವುದು ಹೊಸ ಕಂಪನಿ ಒಪ್ಪಿದ ಮೇಲೆ ಮಾತ್ರ.

ಹಿರಿಯರ ಪಾಲಿಸಿಯಲ್ಲಿ ಜನ ಎಡವುವುದು ಕೊಠಡಿ ಬಾಡಿಗೆಯಲ್ಲಿ. ಮಿತಿ ದಿನಕ್ಕೆ 5,000 ಇದ್ದು, 8,000ದ ಕೊಠಡಿ ಹಿಡಿದಿರಿ ಎನ್ನಿ. ಕೈಯಿಂದ ಹೋಗುವುದು ಆ 3,000 ಮಾತ್ರವಲ್ಲ. ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಮೊದಲಾದವನ್ನೂ ಎಂಟರಲ್ಲಿ ಐದು ಪಾಲಿಗೆ ಇಳಿಸುತ್ತಾರೆ. 2 ಲಕ್ಷದ ಬಿಲ್ಲಿನಲ್ಲಿ ಔಷಧ, ಇಂಪ್ಲಾಂಟ್, ತಪಾಸಣೆ 80,000 ಇದ್ದರೆ ಅದು ಹಾಗೇ ಉಳಿಯುತ್ತದೆ. ಮಿಕ್ಕ 1,20,000 ರೂಪಾಯಿ 75,000ಕ್ಕೆ ಇಳಿಯುತ್ತದೆ. ಆಮೇಲೆ 20 ಪರ್ಸೆಂಟ್ ಸಹಪಾವತಿ (ಅಷ್ಟು ಪಾಲನ್ನು ನೀವೇ ಕೊಡಬೇಕೆಂಬ) ಷರತ್ತಿದ್ದರೆ ಕಂಪನಿ ಕೊಡುವುದು 1,24,000. ನಿಮ್ಮ ಕೈಯಿಂದ 76,000. ದಾಖಲಾಗುವಾಗಲೇ ಮಿತಿಯೊಳಗಿನ ಕೊಠಡಿ ಕೇಳಿ.

ವಿಮೆಯ ಜೊತೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವನ್ನೂ ಮರೆಯಬೇಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ, ನಿಮ್ಮಲ್ಲಾದರೆ ಮಿಮ್ಸ್‌ನಲ್ಲಿ, ತೋರಿಸಿ ರೆಫರಲ್ ಪತ್ರ ಪಡೆಯಬೇಕು. ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿ ಆಮೇಲೆ ಪತ್ರಕ್ಕೆ ಓಡಾಡುವವರಿಗೆ ಸಿಗುವುದಿಲ್ಲ.

ಪ್ರಶ್ನೆ: ಅಪ್ಪ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾರೆ, ದುಡ್ಡು ಉಳಿಯುತ್ತದಂತೆ. ಏನೂ ಆಗಿಲ್ಲವಲ್ಲ ಎನ್ನುತ್ತಾರೆ.
— ಓದುಗರು, ಮಳವಳ್ಳಿ

ಉತ್ತರ: ಬಿಪಿ ಏರಿದ್ದು ಮೈಗೆ ತಿಳಿಯುವುದಿಲ್ಲ, ಅದಕ್ಕೇ ಏನೂ ಆಗಿಲ್ಲವೆನಿಸುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಿವೃತ್ತ ನೌಕರರು ಮಾತ್ರೆಗೂ ವೈದ್ಯರ ಭೇಟಿಗೂ ಕೈಯಿಂದ ಕೊಡಬೇಕಾದ ಪಾಲನ್ನು ಹೆಚ್ಚಿಸಿದಾಗ ಏನಾಯಿತೆಂದು ಚಂದ್ರ, ಗ್ರೂಬರ್, ಮೆಕ್‌ನೈಟ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದರು. ಹಿರಿಯರು ಮಾತ್ರೆ, ಭೇಟಿ ಎರಡನ್ನೂ ಕಡಿಮೆ ಮಾಡಿದರು, ಆಸ್ಪತ್ರೆ ಸೇರುವುದು ಹೆಚ್ಚಾಯಿತು. ದೀರ್ಘಕಾಲದ ಕಾಯಿಲೆ ಇದ್ದವರಲ್ಲಿ ಈ ಪರಿಣಾಮ ಹೆಚ್ಚು. ಮಾತ್ರೆ, ಭೇಟಿಯಲ್ಲಿ ಉಳಿಸಿದ್ದರಲ್ಲಿ ಒಂದು ಪಾಲು ಆಸ್ಪತ್ರೆಯ ಬಿಲ್ಲಿಗೆ ಹೋಯಿತು.

ಅಪ್ಪನ ಚಿಂತೆ ದುಡ್ಡಿನದಾದರೆ ಪರಿಹಾರವಿದೆ. ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಬಿಪಿ, ಸಕ್ಕರೆ ಕಾಯಿಲೆಗೆ ತಪಾಸಣೆಯೂ ಮಾತ್ರೆಯೂ ಉಚಿತ. ಇಲ್ಲವೇ ಜನೌಷಧಿ ಕೇಂದ್ರಕ್ಕೆ ಹಳೆಯ ಸ್ಟ್ರಿಪ್ ಒಯ್ದು, ಬ್ರ್ಯಾಂಡ್ ಹೆಸರಿನ ಕೆಳಗಿರುವ ಮದ್ದಿನ ಹೆಸರು (ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್ ಇತ್ಯಾದಿ) ಮತ್ತು ಮಿಲಿಗ್ರಾಂ ಎರಡೂ ಒಂದೇ ಇವೆಯೇ ನೋಡಿ ಕೊಳ್ಳಿ. ಒಂದೇ ಮಾತ್ರೆಯಲ್ಲಿ ಎರಡು ಮದ್ದು ಸೇರಿದ್ದರೆ, ಅಥವಾ ಹೆಸರಿನ ಮುಂದೆ ಎಸ್‌ಆರ್, ಇಆರ್ (ಮದ್ದನ್ನು ನಿಧಾನವಾಗಿ ಬಿಡುವ ಮಾತ್ರೆ) ಎಂದಿದ್ದರೆ ವೈದ್ಯರಿಗೆ ತೋರಿಸದೆ ಬದಲಿಸಬೇಡಿ. ಇಷ್ಟು ದಿನ ಬಿಟ್ಟು ಬಿಟ್ಟು ನುಂಗಿರುವುದನ್ನು ಮುಂದಿನ ಭೇಟಿಯಲ್ಲಿ ಹೇಳಿ. ಹೇಳದಿದ್ದರೆ ಮದ್ದು ಸಾಲುತ್ತಿಲ್ಲವೆಂದುಕೊಂಡು ಅವರು ಡೋಸ್ ಏರಿಸುತ್ತಾರೆ.

ಪ್ರಶ್ನೆ: ಇರುವುದು ಎರಡು ಎಕರೆ. ಮಗನ ಹೆಸರಿಗೆ ದಾನಪತ್ರ ಮಾಡಿಕೊಡಲೇ? ಮುಂದೆ ನೋಡಿಕೊಳ್ಳದಿದ್ದರೆ ವಾಪಸ್ ಪಡೆಯಬಹುದಂತೆ, ನಿಜವೇ?
— ಓದುಗರು, ಪಾಂಡವಪುರ

ಉತ್ತರ: ಪಡೆಯಬಹುದು, ಆದರೆ ಪತ್ರದಲ್ಲಿ ಏನು ಬರೆದಿದೆ ಎಂಬುದು ಮುಖ್ಯ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ವರ್ಗಾವಣೆಯನ್ನು, ಷರತ್ತು ಮುರಿದರೆ, ನ್ಯಾಯಮಂಡಳಿ ರದ್ದು ಮಾಡಬಹುದು. ಬರೀ 'ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ' ಎಂದಿದ್ದರೆ ಷರತ್ತು ಇತ್ತೆಂದು ತೋರಿಸುವುದು ಕಷ್ಟ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಊಟ, ವಸತಿ, ಔಷಧ, ಆಸ್ಪತ್ರೆ ಎಂದು ಒಂದೊಂದನ್ನೂ ಹೆಸರಿಸಿ, ತಪ್ಪಿದರೆ ಪತ್ರ ರದ್ದಾಗುತ್ತದೆ ಎಂದು ಬರೆಸಿ. ನೀವಿಬ್ಬರೂ ಇರುವವರೆಗೆ ಅನುಭವದ ಹಕ್ಕು ನಿಮ್ಮದೇ ಎಂಬ ಸಾಲೂ ಇರಲಿ.

ದಾನಪತ್ರಕ್ಕಿಂತ ಉಯಿಲು ಮೇಲು ಎಂಬುದು ನನ್ನ ಅಭಿಪ್ರಾಯ. ಉಯಿಲನ್ನು ಬದುಕಿರುವವರೆಗೂ ಬದಲಿಸಬಹುದು, ಪಹಣಿ ನಿಮ್ಮ ಹೆಸರಲ್ಲೇ ಇರುತ್ತದೆ. ಆದರೆ ಜಮೀನು ಪಿತ್ರಾರ್ಜಿತವಾಗಿದ್ದರೆ ಹೆಣ್ಣುಮಕ್ಕಳಿಗೂ ಪಾಲಿದೆ, ಅದನ್ನು ಮೊದಲು ನೋಡಿಸಿ. ತಕರಾರು ಬಂದರೆ ಅರ್ಜಿ ಕೊಡಬೇಕಾದ್ದು ಪಾಂಡವಪುರದ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ. ಪತ್ರದ ನಕಲು, ಪಹಣಿ, ವಯಸ್ಸಿನ ದಾಖಲೆ ಜೊತೆಗಿರಲಿ. ಅರ್ಜಿ ಬರೆಯುವ ಮೊದಲು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ಕೇಳಬಹುದು.