ಬಿಸಿಲಿಗೆ ಕೋಳಿಗೆ ಯಾವ ಪುಡಿ ಹಾಕಲಿ ಅಂತ ಕೇಳಿದವರಿಗೆ

35 ದಿನದ ಬ್ರಾಯ್ಲರ್ ಇದೆ, ಬಿಸಿಲು ಏರ್ತಾ ಇದೆ, ವಿಟಮಿನ್ ಸಿ ಕೊಡಲೋ, ವಿಟಮಿನ್ ಇ ಜೊತೆ ಸೆಲೆನಿಯಂ ಸೇರಿದ ಪುಡಿ ಕೊಡಲೋ ಅಂತ ಕೇಳಿದ್ದೀರಿ. 2024ರ ಏಪ್ರಿಲ್ ಕೊನೆಯಲ್ಲಿ ನಾನೂ ಇದೇ ಪ್ರಶ್ನೆ ಹೊತ್ತು ಔಷಧಿ ಅಂಗಡಿ ಮುಂದೆ ನಿಂತಿದ್ದೆ. ಯಾವುದು ಅಂತ ಗೊತ್ತಾಗದೆ ಎರಡನ್ನೂ ತಂದೆ. ಎರಡೇ ಮಧ್ಯಾಹ್ನದಲ್ಲಿ 412 ಕೋಳಿ ಹೋದವು.

ನಮ್ಮದು ಚಳ್ಳಕೆರೆ ಕಡೆ, 3,000 ಕೋಳಿಯ ಶೆಡ್ಡು. 38 ದಿನ ಆಗಿತ್ತು, ತೂಕ 2 ಕೆಜಿ ದಾಟಿತ್ತು, ಲಿಫ್ಟಿಂಗಿಗೆ, ಅಂದರೆ ಮಾರಾಟಕ್ಕೆ ಕೋಳಿ ಎತ್ತೋಕೆ, ಇನ್ನು ನಾಲ್ಕು ದಿನ. ಬೆಳಿಗ್ಗೆ ಒಂಬತ್ತಕ್ಕೆ ವಿಟಮಿನ್ ಸಿ ಪುಡಿ ಕದಡಿ ಸಾವಿರ ಲೀಟರಿನ ಕಪ್ಪು ಟ್ಯಾಂಕಿಗೆ ಸುರಿದೆ. ದೊಡ್ಡ ಕೆಲಸ ಮಾಡಿದವನ ಹಾಗೆ ಮನೆಗೆ ಹೋಗಿ ಉಂಡು ಮಲಗಿದೆ. ಮೂರೂವರೆಗೆ ಬಂದು ನೋಡಿದರೆ ರೆಕ್ಕೆ ಅಗಲಿಸಿ, ಬಾಯಿ ಕಳೆದು ತೇಕುತ್ತಾ ಬಿದ್ದಿದ್ದವು. ಮಾರನೆ ದಿನ ಪುಡಿ ಇನ್ನೂ ಜಾಸ್ತಿ ಹಾಕಿದೆ. ಇನ್ನೂ ಜಾಸ್ತಿ ಸತ್ತವು.

ತಪ್ಪು ಎಲ್ಲಾಯಿತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ. ಬೋರ್ ನೀರು ಅಂತ ಆ ಟ್ಯಾಂಕಿಗೆ ರಾತ್ರಿಯೇ ನಾನು ಬ್ಲೀಚಿಂಗ್ ಪೌಡರ್ ಹಾಕಿದ್ದೆ. ವಿಟಮಿನ್ ಸಿ ಒಂದು ಆಂಟಿಆಕ್ಸಿಡೆಂಟ್. ಆಂಟಿಆಕ್ಸಿಡೆಂಟ್ ಅನ್ನೋದರ ಕಸುಬೇ ಆಕ್ಸಿಡೈಸ್ ಮಾಡೋ ವಸ್ತು ಸಿಕ್ಕರೆ ತಾನೇ ಮುಂದೆ ಹೋಗಿ ಏಟು ತಿನ್ನೋದು. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಅಂಥದ್ದೇ ವಸ್ತು. ನೀರಿನ ಕ್ಲೋರಿನ್ ತೆಗೆಯೋಕೆ ವಿಟಮಿನ್ ಸಿ ಹಾಕೋ ಪದ್ಧತಿಯೇ ಇದೆ, ನನಗೆ ಆಮೇಲೆ ಗೊತ್ತಾಯಿತು. ಅಂದರೆ ಕೋಳಿ ಒಳಗೆ ಆಗಬೇಕಾದ ಕೆಲಸ ಟ್ಯಾಂಕಿನಲ್ಲೇ ಮುಗಿದಿತ್ತು. ವಿಟಮಿನ್ನೂ ಹೋಯಿತು, ಬ್ಲೀಚಿಂಗೂ ಹೋಯಿತು. ಅಳಿದುಳಿದದ್ದಕ್ಕೆ ಬಿಸಿಲಿನ ಕಾವು. ಸಿ ಬಿಸಿಗೂ ಬೆಳಕಿಗೂ ನಿಲ್ಲಲ್ಲ, ಹಳೇ ಕಬ್ಬಿಣದ ಪೈಪಿನ ತುಕ್ಕು ಸಿಕ್ಕರೂ ಕೆಡುತ್ತೆ.

ಇದಕ್ಕಿಂತ ದೊಡ್ಡದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಪಶು ವೈದ್ಯರು ಬಂದು ಒಂದು ಕೋಳಿ ಕೊಯ್ದು ತೋರಿಸಿದರು. ಎದೆಯ ಮಾಂಸ ಬೆಂದ ಹಾಗೆ ಬಿಳಿಚಿತ್ತು. ಔಷಧಿ ಡಬ್ಬಿಗಳನ್ನು ಮುಂದಿಟ್ಟೆ. ಅವರು ಅತ್ತ ನೋಡಲೇ ಇಲ್ಲ. "ಮಧ್ಯಾಹ್ನ ಆ ನೀರನ್ನು ಯಾವತ್ತಾದರೂ ಮುಟ್ಟಿ ನೋಡಿದ್ದೀರೇನ್ರೀ?" ಅಂದರು. ಮುಟ್ಟಿದೆ. ಸ್ನಾನದ ನೀರು! ಕೋಳಿ ನೀರು ಕುಡಿಯೋ ಪೈಪಿನ ನಿಪ್ಪಲ್ಲಿಗೆ ಕೊಕ್ಕು ಹಚ್ಚಿ ವಾಪಸ್ ಹೋಗ್ತಿದ್ದದ್ದು ಯಾಕೆ ಅಂತ ಆಗ ಹೊಳೆಯಿತು. ಕೋಳಿಗೆ ಬೆವರೋ ಗ್ರಂಥಿಯೇ ಇಲ್ಲ, ಮೈಶಾಖ ಮೊದಲೇ 41 ಡಿಗ್ರಿ. ಇಂಥ ಸೆಖೆಯಲ್ಲಿ ತೇಕಿ ತೇಕಿ ಬಾಯಿಯ ತೇವ ಆವಿಯಾದರೇನೇ ಹೆಚ್ಚಾಗಿ ಅದರ ಮೈ ತಣಿಯೋದು. ಆ ತೇವಕ್ಕೆ ನೀರು ಬೇಕು, ನಾನು ಕುಡಿಯೋಕಾಗದ ನೀರಲ್ಲಿ ವಿಟಮಿನ್ ಕಲಸಿ ಕೂತಿದ್ದೆ.

ಹೂಳೋಕೆ ಜೆಸಿಬಿ ಕರೆಸಿದೆ. ಅದರ ಬಾಡಿಗೆಯಲ್ಲಿ ಟ್ಯಾಂಕಿಗೊಂದು ನೆರಳು ಆಗ್ತಿತ್ತು.

ಅದಕ್ಕೇ ಹೇಳ್ತೀನಿ, ಸಿ-ನೋ ಇ-ನೋ ಅನ್ನೋ ಪ್ರಶ್ನೆಯೇ ನಿಮಗೆ ಈಗ ಬೇಕಿಲ್ಲ. ಇ ಕೊಬ್ಬಿನಲ್ಲಿ ಕರಗೋದು, ದಿನಗಟ್ಟಲೆ ಫೀಡಿನಲ್ಲಿ ಹೋಗಿ ಮೈಯಲ್ಲಿ ಕೂರಬೇಕು. ನಾಡಿದ್ದು ಮಾರೋ ಕೋಳಿಗೆ ಇವತ್ತು ಕೊಟ್ಟು ಏನು ಬಂತು? ಮುಂದಿನ ಬ್ಯಾಚಿಗೆ ಬಿಸಿಲು ಬರೋ ಮೊದಲೇ ಶುರು ಮಾಡಿ. ಸೆಲೆನಿಯಂ ಕಂಪನಿ ಫೀಡಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತೆ. ಕೆಜಿ ಫೀಡಿಗೆ 0.3 ಮಿಲಿಗ್ರಾಂ ಆಸುಪಾಸಿನ ಲೆಕ್ಕ ಅದು, ಜಾಸ್ತಿಯಾದರೆ ವಿಷ. ವೈದ್ಯರನ್ನು ಕೇಳದೆ ಮೇಲಿಂದ ಸುರೀಬೇಡಿ. ಸಿ-ಯನ್ನು ಕೋಳಿ ತನ್ನ ಮೂತ್ರಪಿಂಡದಲ್ಲೇ ಮಾಡಿಕೊಳ್ಳುತ್ತೆ, ಸೆಖೆ ಮಿತಿ ಮೀರಿದಾಗ ಅದು ಸಾಲಲ್ಲ, ಆಗ ಕೊಡಿ. ಕೆಜಿ ಫೀಡಿಗೆ 200ರಿಂದ 250 ಮಿಲಿಗ್ರಾಂ ಅನ್ನೋದು ರೂಢಿಯ ಲೆಕ್ಕ. ನೀರಲ್ಲಾದರೆ ಬ್ಲೀಚಿಂಗ್ ಇಲ್ಲದ ತಣ್ಣನೆ ನೀರು, ಒಂದೆರಡು ಗಂಟೆಯಲ್ಲಿ ಕುಡಿದು ಮುಗಿಸೋಷ್ಟೇ ಕದಡಿ.

ನಾನು ಈಗ ಮಾಡೋದು ಇಷ್ಟು. ಟ್ಯಾಂಕಿಗೆ ತೆಂಗಿನ ಗರಿ ಚಪ್ಪರ, ಸುತ್ತ ಒದ್ದೆ ಗೋಣಿ. ಶೆಡ್ಡಿನ ಮೇಲಿನ ಶೀಟಿಗೆ ಸುಣ್ಣ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆವರೆಗೆ ಫೀಡರ್ ಮೇಲೆ ಎತ್ತಿಬಿಡ್ತೀನಿ, ತಿಂದದ್ದು ಅರಗೋವಾಗಲೂ ಮೈ ಕಾಯುತ್ತೆ. ತೂಕ ಬೀಳುತ್ತೆ ಅಂತ ಕಂಪನಿ ಸೂಪರ್‌ವೈಸರ್ ಗೊಣಗ್ತಾನೆ, ಗೊಣಗಲಿ. ರಾತ್ರಿ ತಂಪಲ್ಲಿ ತಿಂತಾವೆ. ಮಂಜಿನ ಹಾಗೆ ನೀರು ಚಿಮುಕಿಸೋ ಫಾಗರ್ ನಮ್ಮ ಒಣ ಹವೆಗೆ ಸರಿ, ಅದೂ ಫ್ಯಾನ್ ಇದ್ದರೆ. ನೀವು ಕರಾವಳಿಯವರಾದರೆ ಅದರ ಆಸೆ ಬಿಡಿ, ಅಲ್ಲಿ ಗಾಳಿಯೇ ಒದ್ದೆ.

ನಾಳೆ ಎರಡು ಗಂಟೆಗೆ ಶೆಡ್ಡಿನ ಕೊನೆಯ ನಿಪ್ಪಲ್ ಒತ್ತಿ ನೀರನ್ನು ಅಂಗೈಗೆ ಬಿಟ್ಟುಕೊಳ್ಳಿ. ಬೆಚ್ಚಗಿದ್ದರೆ ನೀರಿನ ಪೈಪ್ ಲೈನಿನ ತುದಿ ಬಿಚ್ಚಿ ತಣ್ಣಗೆ ಬರೋವರೆಗೆ ಹರಿಬಿಡಿ, ಗಂಟೆಗೊಮ್ಮೆ. ಪುಡಿ ಡಬ್ಬಿ ಅಲ್ಲೀವರೆಗೆ ಒಡೀಬೇಡಿ.